ದುಡಿಮೆಯೂ ಬೇಕು, ಒಗ್ಗಟ್ಟೂ ಬೇಕು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಮಾವೇಶದಲ್ಲಿ ಮಾಡಿದ ಭಾಷಣದ ಸಾರಾಂಶ)



ಸಂಘಗಳಿಗೆ ಭೇಟಿ ಕೊಟ್ಟಾಗ ನನ್ನ ಕಿವಿಗೆ ಹೆಚ್ಚಾಗಿ ಬೀಳುವ ದೂರುಗಳು ಎರಡು. ಒಂದು, "ಸಿಸ್ಟರ್, ದುಡಿಯೋರು ನಾವು, ಲಾಭ ಹಂಚೋವಾಗ ಎಲ್ಲಾರೂ ಬರ್ತಾರೆ." ಇನ್ನೊಂದು, "ಅವಳು ಬರೋ ಸಭೆಗೆ ನಾನು ಬರಲ್ಲ." ಹಣ ಸಾಲದೆ ಒಡೆದ ಸಂಘಗಳಿಗಿಂತ ಈ ಎರಡು ಮಾತುಗಳಿಂದ ಒಡೆದ ಸಂಘಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಆದಿ ಕ್ರೈಸ್ತರ ಸಭೆಗಳಲ್ಲೂ ಇದೇ ದೂರುಗಳಿದ್ದವು. ಸಂತ ಪೌಲರ ಪತ್ರಗಳನ್ನು ಓದಿದರೆ ಇದು ತಿಳಿಯುತ್ತದೆ.

ಮೊದಲು ದುಡಿಮೆಯ ವಿಚಾರ. ಪೌಲರು ದೊಡ್ಡ ಬೋಧಕರು. ಆದರೂ ಅವರ ಕಸುಬು ಗುಡಾರ ಮಾಡುವುದು. ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಸಿಲ್ಲ ಎಂಬ ದಂಪತಿಗಳ ಮನೆಯಲ್ಲಿದ್ದು ಅವರ ಜೊತೆ ಅದೇ ಕೆಲಸ ಮಾಡಿದರು. ಯೇಸುಸ್ವಾಮಿಯನ್ನೂ ಊರಿನವರು ಬಡಗಿ ಅಂತಲೇ ಗುರುತಿಸಿದರು. ಕಾಯಕದ ಈ ಮಾತು ನಮ್ಮ ನಾಡಿಗೂ ಹೊಸದಲ್ಲ. ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಕಳಿಸಿದ ಕಥೆ ನಿಮಗೆಲ್ಲ ಗೊತ್ತು.

"ಏನಮ್ಮ ಕೆಲಸ ಮಾಡ್ತೀಯ?" ಅಂತ ಕೇಳಿದರೆ ನಮ್ಮ ಹೆಣ್ಣುಮಕ್ಕಳು, "ಏನಿಲ್ಲ ಸಿಸ್ಟರ್, ಮನೇಲೇ ಇದ್ದೀನಿ" ಅಂತಾರೆ. ಹಾಗಾದರೆ ನೀರು ಹೊತ್ತದ್ದು, ಸೌದೆ ತಂದದ್ದು, ಹಸು ಕರೆದದ್ದು, ಅತ್ತೆಗೆ ಔಷಧಿ ಕೊಟ್ಟದ್ದು ಕೆಲಸ ಅಲ್ಲವೇ? ಪೋಪ್ ಎರಡನೇ ಜಾನ್ ಪೌಲ್ ಜಗದ್ಗುರುಗಳು 1981ರಲ್ಲಿ ಮಾನವ ದುಡಿಮೆಯ ಬಗ್ಗೆ ಒಂದು ವಿಶ್ವಪತ್ರ ಬರೆದರು. ಮನೆಯ ಭಾರ ಹೊರುವ ಹೆಂಗಸರ ಶ್ರಮವನ್ನು ಸಮಾಜ ಮಾತ್ರವಲ್ಲ, ಕೆಲವೊಮ್ಮೆ ಸ್ವಂತ ಮನೆಯವರೂ ಗುರುತಿಸುವುದಿಲ್ಲ ಎಂದು ಅದರಲ್ಲಿ ಹೇಳಿದ್ದಾರೆ. ಮೊದಲು ನಾವೇ ಗುರುತಿಸೋಣ.

ಇನ್ನು ದುಡಿಯದವರ ವಿಚಾರ. ಥೆಸಲೋನಿಕದಲ್ಲಿ ಕೆಲವರು ಕೆಲಸ ಬಿಟ್ಟು, ಪರರ ಮನೆಯ ವಿಷಯಕ್ಕೆ ತಲೆಹಾಕುತ್ತಾ ತಿರುಗುತ್ತಿದ್ದರು. ದುಡಿಯಲು ಒಪ್ಪದವನಿಗೆ ಊಟವೂ ಬೇಡ ಎಂಬ ಅರ್ಥದಲ್ಲಿ ಪೌಲರು ಅವರಿಗೆ ಗದರಿದರು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅಂತ ನಾವೂ ಹೇಳ್ತೀವಲ್ಲ! ಆದರೆ ಇಲ್ಲಿ ಎರಡು ವಿಷಯ ಗಮನಿಸಿ. ಆ ಮಾತು ದುಡಿಯಲು ಮನಸ್ಸಿಲ್ಲದವರಿಗೆ ಹೇಳಿದ್ದು. ಹಾಸಿಗೆ ಹಿಡಿದವಳಿಗೆ, ಬಾಣಂತಿಗೆ, ಕೂಲಿ ಸಿಗದವಳಿಗೆ ಹೇಳಿದ್ದಲ್ಲ. ಎರಡನೆಯದಾಗಿ, ಅಂಥವರನ್ನೂ ಶತ್ರುಗಳಂತೆ ಕಾಣದೆ ಒಡಹುಟ್ಟಿದವರಂತೆ ತಿದ್ದಿರಿ ಎಂದು ಅಲ್ಲೇ ಮುಂದೆ ಬರೆದಿದ್ದಾರೆ.

ನಮ್ಮ ಸಂಘದಲ್ಲಿ ಒಬ್ಬಾಕೆ ಮೂರು ವಾರ ಸಭೆಗೆ ಬಂದಿಲ್ಲ, ಕಂತೂ ಕಟ್ಟಿಲ್ಲ ಅಂತಿಟ್ಟುಕೊಳ್ಳಿ. ದಂಡ ಹಾಕುವ ಮುಂಚೆ ಇಬ್ಬರು ಅವಳ ಮನೆಗೆ ಹೋಗಿ ಬನ್ನಿ. ಕಷ್ಟ ನಿಜವಾಗಿದ್ದರೆ ಕಂತಿನ ಅವಧಿ ಹೆಚ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಬರೀ ಉದಾಸೀನ ಆಗಿದ್ದರೆ ಅವಳ ಎದುರಿಗೇ ಹೇಳಿ. ಬೀದಿ ನಲ್ಲಿಯ ಹತ್ತಿರ ಹೇಳಬೇಡಿ.

ಕೊರಿಂಥ ಸಭೆಯ ತೊಂದರೆ ಬೇರೆ ತರಹದ್ದು. ಅಲ್ಲಿ ಎಲ್ಲರೂ ಸೇರಿ ಊಟ ಮಾಡುವ ಪದ್ಧತಿ ಇತ್ತು. ಆದರೆ ಕೆಲವರು ತಮ್ಮ ಪಾಡಿಗೆ ಮೊದಲೇ ಹೊಟ್ಟೆ ತುಂಬ ಉಂಡುಬಿಡುತ್ತಿದ್ದರು, ಬಡವರು ಹಸಿದೇ ಇರುತ್ತಿದ್ದರು. ಕೂಲಿ ಮುಗಿಸಿ ತಡವಾಗಿ ಬಂದವರಿಗೆ ಏನೂ ಉಳಿಯುತ್ತಿರಲಿಲ್ಲ ಎಂದು ಅನೇಕ ಬೈಬಲ್ ಪಂಡಿತರು ವಿವರಿಸುತ್ತಾರೆ. ಒಬ್ಬರಿಗೊಬ್ಬರು ಕಾಯಬೇಕು ಎಂದು ಪೌಲರು ಬುದ್ಧಿ ಹೇಳಿದರು. ನಮ್ಮ ಸಭೆಯ ಸಮಯ ಯಾರಿಗೆ ಅನುಕೂಲ? ಮಧ್ಯಾಹ್ನ ಮೂರಕ್ಕೆ ಸಭೆ ಇಟ್ಟರೆ ತೋಟದ ಕೂಲಿಯವಳು ಹೇಗೆ ಬರಬೇಕು? ಅವಳು ಬರುವ ಹೊತ್ತಿಗೆ ಸಾಲವೆಲ್ಲ ಹಂಚಿ ಮುಗಿದಿದ್ದರೆ, ಅದು ಕೊರಿಂಥದ ಊಟವೇ ಅಲ್ಲವೇ?

ಕೊನೆಯದಾಗಿ ಫಿಲಿಪ್ಪಿಯ ವಿಷಯ. ಅಲ್ಲಿನ ಸಭೆ ಶುರುವಾದದ್ದೇ ನದಿಯ ದಡದಲ್ಲಿ ಸೇರಿದ್ದ ಹೆಂಗಸರಿಂದ. ಅವರಲ್ಲಿ ಲಿಡಿಯ ಎಂಬಾಕೆ ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರಿ. ಅದೇ ಸಭೆಯ ಯುವೊದಿಯ ಮತ್ತು ಸಿಂತಿಕೆ ಎಂಬ ಇಬ್ಬರು ಮಹಿಳೆಯರಿಗೆ ಮನಸ್ತಾಪ ಬಂತು. ಯಾತಕ್ಕೆ ಅಂತ ಪತ್ರದಲ್ಲಿಲ್ಲ. ಯಾರದು ತಪ್ಪು ಅಂತಲೂ ಪೌಲರು ತೀರ್ಪು ಕೊಡಲಿಲ್ಲ. ಇಬ್ಬರ ಹೆಸರನ್ನೂ ಹಿಡಿದು ಒಮ್ಮನಸ್ಸಿನಿಂದಿರಿ ಎಂದು ಬೇಡಿಕೊಂಡರು, ಇಬ್ಬರೂ ತನ್ನ ಜೊತೆ ಶ್ರಮಪಟ್ಟವರು ಎಂದು ನೆನೆದರು, ಅವರಿಗೆ ನೆರವಾಗಲು ಮತ್ತೊಬ್ಬರಿಗೆ ಹೇಳಿದರು. ಜಗಳ ಬಿಡಿಸುವವರು ಮೊದಲು ನೆನೆಯಬೇಕಾದದ್ದು ಇಬ್ಬರೂ ಪಟ್ಟ ಶ್ರಮವನ್ನು.

ಹಾಗಂತ ಲೆಕ್ಕದಲ್ಲಿ ತಪ್ಪು ಕಂಡರೂ ಸುಮ್ಮನಿರುವುದು ಸಾಮರಸ್ಯವಲ್ಲ. ಯೇಸುಸ್ವಾಮಿ ದಾರಿ ತೋರಿಸಿದ್ದಾರೆ: ಮೊದಲು ಒಬ್ಬರೇ ಹೋಗಿ ಮಾತಾಡಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಆಗಲೂ ಆಗದಿದ್ದರೆ ಸಭೆಯ ಮುಂದಿಡಿ. ನಾವು ಮಾಡುವುದು ತಲೆಕೆಳಗು. ಮೊದಲು ಊರಿಗೆಲ್ಲ ಹೇಳ್ತೀವಿ, ಆ ವ್ಯಕ್ತಿಗೆ ಮಾತ್ರ ಹೇಳಲ್ಲ!

ಮುಂದಿನ ಸಭೆಯಲ್ಲಿ ಮೂರು ಕೆಲಸ ಮಾಡಿ: ಸಭೆಯ ಸಮಯ ಎಲ್ಲರಿಗೂ ಆಗುತ್ತದೆಯೇ ಎಂದು ಕೇಳಿ, ಬಾರದವರ ಮನೆಗೆ ಹೋಗಲು ಇಬ್ಬರನ್ನು ನೇಮಿಸಿ, ಲೆಕ್ಕದ ಪುಸ್ತಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ. ಮಾತು ಬಿಟ್ಟವರು ಯಾರಾದರೂ ಇಲ್ಲೇ ಕೂತಿದ್ದರೆ, ಊಟದ ಎಲೆಗೆ ಕೂರುವ ಮುಂಚೆ ಒಂದು ಮಾತಾಡಿಸಿ.

ದೇವರು ನಿಮ್ಮ ಕೈಕೆಲಸವನ್ನೂ ನಿಮ್ಮ ಒಗ್ಗಟ್ಟನ್ನೂ ಆಶೀರ್ವದಿಸಲಿ.