ಪುರು ರಾಜನಿಗೊಂದು ‘ಒನ್ಸ್ ಮೋರ್’

ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ನೋಡದೆ ಬೆಳೆದವರು ಕಡಿಮೆ. ಹಗಲು ಗದ್ದೆಯಲ್ಲಿ ದುಡಿದವರೇ ರಾತ್ರಿ ಕಿರೀಟ ಹೊತ್ತು ದುರ್ಯೋಧನರಾಗುತ್ತಾರೆ. ಪಾತ್ರಕ್ಕೆ ಕೈಯಿಂದ ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕೂತು ಹಾಡು ಕಲಿತವರು ಅವರು. ಹಾಡು ರಂಗೇರಿತೆಂದರೆ ಜನರ ನಡುವಿನಿಂದ ‘ಒನ್ಸ್ ಮೋರ್’ ಕೂಗು ಏಳುತ್ತದೆ. ಸಂಧಾನವೋ ಸಮರವೋ, ಕಥೆ ಅಲ್ಲೇ ನಿಲ್ಲುತ್ತದೆ. ಅದೇ ಹಾಡು ಮತ್ತೊಮ್ಮೆ. ಈ ಸಲ ಆಲಾಪ ಇನ್ನಷ್ಟು ಉದ್ದ.

ಈ ಅಭ್ಯಾಸವಿರುವವರು ಇಟಲಿಯ ಸಂಗೀತ ನಾಟಕವನ್ನು, ಅಂದರೆ ಆಪೆರಾವನ್ನು, ತೆರೆಯ ಮೇಲೆ ನೋಡಲು ಕೂತರೆ ದಿಕ್ಕು ತಪ್ಪಬೇಕಾಗಿಲ್ಲ. ಅಷ್ಟೇನೂ ಪ್ರಸಿದ್ಧವಲ್ಲದ ಒಂದನ್ನೇ ತೆಗೆದುಕೊಳ್ಳಿ: ‘ಅಲೆಸ್ಸಾಂಡ್ರೊ ನೆಲ್ಲಿಂಡಿಯೆ’, ಇಂಡಿಯಾದಲ್ಲಿ ಅಲೆಕ್ಸಾಂಡರ್. ಕವಿ ಮೆಟಾಸ್ಟಾಸಿಯೊ ಬರೆದ ಈ ಕೃತಿಗೆ ಸಂಗೀತ ಕೊಟ್ಟವನು ಲಿಯೊನಾರ್ಡೊ ವಿಂಚಿ. ಚಿತ್ರಕಾರ ಡಾ ವಿಂಚಿ ಬೇರೆ, ಈತ ಬೇರೆ. 1730ರಲ್ಲಿ ರೋಮ್‌ನಲ್ಲಿ ಇದು ಮೊದಲು ರಂಗವೇರಿತು. ಅದೇ ವರ್ಷ ವಿಂಚಿ ತೀರಿಕೊಂಡ. 2022ರಲ್ಲಿ ಜರ್ಮನಿಯ ಬೈರಾಯ್ತ್‌ನ ಹಳೆಯ ರಂಗಮಂದಿರದಲ್ಲಿ ಮ್ಯಾಕ್ಸ್ ಎಮಾನುಯೆಲ್ ಚೆಂಚಿಚ್ ಅದನ್ನು ಮತ್ತೆ ಆಡಿಸಿದರು. ಚಿತ್ರೀಕರಣವಾಗಿರುವುದು ಆ ಪ್ರಯೋಗ.

ಕಥೆಯ ನಾಯಕ ಶಾಲೆಯ ಪಾಠದ ಪುರು ರಾಜನೇ. ಆದರೆ ಇಲ್ಲಿ ಅವನಿಗೆ ಯುದ್ಧದ ಸೋಲಿಗಿಂತ ಹೆಚ್ಚಿನ ಸಂಕಟವೊಂದಿದೆ. ಪ್ರೇಯಸಿ ಕ್ಲಿಯೊಫಿಡೆ ಅಲೆಕ್ಸಾಂಡರನಿಗೆ ಮನಸೋತಳೇ ಎಂಬ ಸಂಶಯ. ಇತಿಹಾಸ ಹುಡುಕಲು ಹೋಗಬಾರದು. ಬೈರಾಯ್ತ್‌ನ ಪ್ರಯೋಗವಂತೂ ಇಡೀ ಕಥೆಯನ್ನು ಇಂಗ್ಲೆಂಡಿನ ಬ್ರೈಟನ್ ಅರಮನೆಯೊಳಗೆ ಕೂರಿಸಿ, ಯುರೋಪು ಕಲ್ಪಿಸಿಕೊಂಡ ಇಂಡಿಯಾವನ್ನೇ ತಮಾಷೆ ಮಾಡುತ್ತದೆ.

ಹೆಣ್ಣಿನ ಪಾತ್ರಗಳಲ್ಲೂ ಗಂಡಸರೇ ಇರುವುದನ್ನು ಕಂಡು ನಮ್ಮ ಕಂಪನಿ ನಾಟಕ ಬಲ್ಲವರು ಬೆರಗಾಗಲಾರರು. ಪೋಪರ ರೋಮ್‌ನಲ್ಲಿ ಹೆಂಗಸರು ರಂಗವೇರುವಂತಿರಲಿಲ್ಲ. ಅಲ್ಲಿನ ಪರಿಹಾರ ಮಾತ್ರ ಕ್ರೂರವಾಗಿತ್ತು: ದನಿ ಒಡೆಯದಿರಲೆಂದು ಎಳೆಯ ಹುಡುಗರಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಗಾಯಕರನ್ನಾಗಿ ಬೆಳೆಸುತ್ತಿದ್ದರು. ಇಂದು ಆ ಪಾತ್ರಗಳನ್ನು ಎತ್ತರದ ಶ್ರುತಿಯಲ್ಲಿ ಹಾಡಲು ಸಾಧನೆ ಮಾಡಿದ ಗಂಡಸರು ಹಾಡುತ್ತಾರೆ.

ಹೊಸಬರಿಗೆ ಬೇಸರ ಬರುವುದು ಹಾಡುಗಳಲ್ಲಿ. ಮೊದಲ ಭಾಗ, ಎರಡನೆಯದು, ಆಮೇಲೆ ಪುನಃ ಮೊದಲನೆಯದು. ಕಥೆ ಮುಂದೆ ಹೋಗುವುದೇ ಇಲ್ಲ ಎನಿಸುತ್ತದೆ. ಆದರೆ ಮರಳಿ ಬಂದ ಭಾಗವನ್ನು ಗಾಯಕ ಇದ್ದಂತೆ ಹಾಡುವುದಿಲ್ಲ. ತನ್ನ ಗಮಕ, ತನ್ನ ಬಿರುಕೆ ಸೇರಿಸುತ್ತಾನೆ. ಮೊದಲು ಸಿಟ್ಟಾಗಿದ್ದ ಮಾತು ಎರಡನೆಯ ಸಲ ಅಳುವಿಗೆ ಹತ್ತಿರವಾಗಬಹುದು. ಒಟ್ಟಿನಲ್ಲಿ ‘ಒನ್ಸ್ ಮೋರ್’ ಅನ್ನು ಜನ ಕೇಳುವ ಮುಂಚೆಯೇ ಹಾಡಿನೊಳಗೆ ಹೊಲಿದಿಟ್ಟಿದ್ದಾರೆ. ಅದನ್ನು ಓಡಿಸಿ ನೋಡಿದವರಿಗೆ ಉಳಿಯುವುದು ಕಥೆಯಷ್ಟೆ.

ವಿಂಚಿಯ ಸ್ವರಲಿಪಿ ಕಾಗದದಲ್ಲಿ ಉಳಿದಿತ್ತು. ಹಾಗಾಗಿ ಇನ್ನೂರ ತೊಂಬತ್ತೆರಡು ವರ್ಷದ ಬಳಿಕ ಅದನ್ನು ಹಾಡಲು ಸಾಧ್ಯವಾಯಿತು. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಡುವ ಮಟ್ಟುಗಳಿಗೆ ಅಂಥ ಕಾಗದವಿಲ್ಲ. ಅವು ಬಾಯಿಂದ ಕಿವಿಗೆ ದಾಟಿ ಬಂದವು. ಈಗ ಹಳ್ಳಿಯ ನಾಟಕವನ್ನೂ ವಿಡಿಯೊ ಮಾಡಿಸುತ್ತಾರೆ. ದುರ್ಯೋಧನ ಎರಡನೆಯ ಸಲ ಪಲ್ಲವಿ ಎತ್ತಿದಾಗಲೇ ನೆಂಟರು ಹಾರ ಹಿಡಿದು ರಂಗ ಹತ್ತುತ್ತಾರೆ. ಕ್ಯಾಮೆರಾ ಅವರ ಕಡೆಗೆ ತಿರುಗುತ್ತದೆ. ಹಾಡುವವನ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತಿರುತ್ತದೆ.