ಅಗ್ಗದ ಅಂಗಡಿಯ ಲೆಕ್ಕ

(ಗೌರಿಬಿದನೂರಿನಲ್ಲಿ ಮಿಲ್ ಕಾರ್ಮಿಕರೂ ಚಿಲ್ಲರೆ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ ಏರಬೇಕೆಂದು ನಾವು ಕೇಳುತ್ತಲೇ ಬಂದಿದ್ದೇವೆ, ಇನ್ನೂ ಕೇಳುತ್ತೇವೆ. ಆದರೆ ಕೈಗೆ ಬಂದ ಸಂಬಳ ದಿನಸಿ ಅಂಗಡಿಯಲ್ಲಿ ಹೇಗೆ ಕರಗಿಹೋಗುತ್ತದೆಂಬುದನ್ನು ಕುಳಿತು ಲೆಕ್ಕ ಹಾಕಿದ್ದು ಕಡಿಮೆ. ಈ ಹೊತ್ತು ಆ ಲೆಕ್ಕವನ್ನೇ ಹಾಕೋಣ. ಇಲ್ಲಿ ಕೊಳ್ಳುವವರೂ ಇದ್ದೀರಿ, ಮಾರುವವರೂ ಇದ್ದೀರಿ. ಒಬ್ಬರ ಉಳಿತಾಯವೆಂದರೆ ಇನ್ನೊಬ್ಬರ ನಷ್ಟವಲ್ಲವೆ ಎಂಬ ಅನುಮಾನ ನಿಮಗಿರಬಹುದು. ಅದನ್ನು ಮುಚ್ಚಿಡದೆಯೇ ಮಾತನಾಡುತ್ತೇವೆ.

ದೊಡ್ಡ ಕಂಪನಿಗಳ ರಿಯಾಯಿತಿ ಅಂಗಡಿಗಳಲ್ಲಿ ಸಾಮಾನು ಅಗ್ಗ ಎನ್ನುವುದು ಬರಿಯ ಜಾಹೀರಾತಲ್ಲ, ಬಹುಮಟ್ಟಿಗೆ ನಿಜ. ಹೇಗೆ ಅಗ್ಗವಾಯಿತು? ಡಿ-ಮಾರ್ಟನ್ನೇ ತೆಗೆದುಕೊಳ್ಳಿ. ೨೦೦೨ರಲ್ಲಿ ಮುಂಬಯಿಯ ಪವಾಯಿಯಲ್ಲಿ ಅದು ಮೊದಲ ಅಂಗಡಿ ತೆರೆಯಿತು. ಮಾಲು ಕೊಟ್ಟವರನ್ನು ತಿಂಗಳುಗಟ್ಟಲೆ ಅಲೆಸದೆ ಬೇಗನೆ ಹಣ ಕೊಡುತ್ತದೆ, ಅದಕ್ಕೆ ಪ್ರತಿಯಾಗಿ ದರ ಇಳಿಸಿಕೊಳ್ಳುತ್ತದೆ. ಕಟ್ಟಡಗಳು ಹೆಚ್ಚಾಗಿ ಸ್ವಂತದವು, ಆದುದರಿಂದ ಬಾಡಿಗೆಯ ಹೊರೆ ಇಲ್ಲ. ಮಾಲು ಅಟ್ಟದ ಮೇಲೆ ಕೊಳೆಯದೆ ಬೇಗ ಬೇಗ ಖರ್ಚಾಗುತ್ತದೆ. ಕೊಳ್ಳುವವರಿಗೆ ಸಾಲವಂತೂ ಇಲ್ಲವೇ ಇಲ್ಲ. ಇದರಲ್ಲಿ ಮಾಟಮಂತ್ರವೇನಿದೆ? ಸಗಟಾಗಿ ಕೊಳ್ಳುವುದು, ನಗದಾಗಿ ಮಾರುವುದು, ಇಷ್ಟೇ.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಈ ದಿನಕ್ಕೆ ಕಾಲು ಕಿಲೋ ಬೇಳೆ, ನಾಳೆಗೆ ಇನ್ನೊಂದು ಸಣ್ಣ ಪೊಟ್ಟಣ ಎಣ್ಣೆ, ಎಲ್ಲವೂ ಲೆಕ್ಕದ ಪುಸ್ತಕದಲ್ಲಿ. ಚೂರುಚೂರಾಗಿ ಕೊಂಡವನಿಗೆ ದರ ಹೆಚ್ಚು, ಸಾಲವಾಗಿ ಕೊಂಡವನಿಗೆ ಇನ್ನೂ ಹೆಚ್ಚು. ಕಾರು ಇಟ್ಟುಕೊಂಡವನು ಮೂಟೆಯಲ್ಲಿ ಅಗ್ಗಕ್ಕೆ ಒಯ್ಯುತ್ತಾನೆ, ಕೂಲಿಗಾರ ಅದೇ ಅಕ್ಕಿಗೆ ಜಾಸ್ತಿ ತೆರುತ್ತಾನೆ.

ಇದಕ್ಕೆ ಬೀದಿಯ ಅಂಗಡಿಯವರನ್ನು ಬಯ್ಯುವುದು ಸುಲಭ. ನಾವು ಬಯ್ಯುವುದಿಲ್ಲ. ಅವರೂ ಮಂಡಿಯಿಂದ ಸಾಲದ ಮೇಲೆಯೇ ಮಾಲು ತಂದಿರುತ್ತಾರೆ. ಆ ಬಡ್ಡಿಯೂ, ವಾಪಸು ಬಾರದ ಬಾಕಿಯೂ ಸಾಮಾನಿನ ದರದೊಳಗೆ ಅಡಗಿ ಕುಳಿತಿರುತ್ತವೆ. ೨೦೨೦ರ ಮಾರ್ಚ್‌ನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ, ಕೆಲಸ ನಿಂತ ಎಷ್ಟೋ ಮನೆಗಳ ಒಲೆ ಹೊತ್ತಿದ್ದು ಈ ಲೆಕ್ಕದ ಪುಸ್ತಕದಿಂದಲೇ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ನಿಂತ ವಾರಗಳಲ್ಲಿ ಅಕ್ಕಿ ಕೊಡುವವರೂ ಇವರೇ. ಕಂಪನಿಯ ಅಂಗಡಿಯಲ್ಲಿ ಹಣವಿಲ್ಲದವನಿಗೆ ಹಿಡಿ ಉಪ್ಪೂ ಹುಟ್ಟುವುದಿಲ್ಲ. ಅಗ್ಗದ ಲೆಕ್ಕ ಹಾಕುವಾಗ ಇದನ್ನೂ ಒಂದು ಬದಿಗೆ ಬರೆದುಕೊಳ್ಳಬೇಕು.

ಹಾಗೆಂದು ಅಗ್ಗದ ಅಂಗಡಿಗೆ ಹೋಗಬೇಡಿ ಎನ್ನುತ್ತೇವೆಯೆ? ಇಲ್ಲ, ಹೋಗಿ. ಆದರೆ ಕಣ್ಣು ತೆರೆದುಕೊಂಡು ಹೋಗಿ. "ಒಂದು ಕೊಂಡರೆ ಒಂದು ಉಚಿತ" ಎಂಬ ಹಲಗೆಯನ್ನು ನೋಡುವ ಮೊದಲು ಪೊಟ್ಟಣದ ಮೇಲಿನ ಸಣ್ಣ ಅಕ್ಷರ ನೋಡಿ. ೨೦೨೧ರಲ್ಲಿ ತಿದ್ದಿದ ನಿಯಮದಂತೆ ಗರಿಷ್ಠ ಬೆಲೆಯ ಜೊತೆಗೆ ಗ್ರಾಮಿಗೆ ಎಷ್ಟು, ಕಿಲೋಗೆ ಎಷ್ಟು ಎಂಬುದನ್ನೂ ಅಚ್ಚುಹಾಕಬೇಕು. ಹೋಲಿಸಬೇಕಾದದ್ದು ಆ ಅಂಕಿಯನ್ನು. ದೊಡ್ಡ ಪೊಟ್ಟಣವೆಲ್ಲ ಅಗ್ಗವಲ್ಲ, ರಿಯಾಯಿತಿ ಎಂದು ಕೂಗುವುದೆಲ್ಲ ರಿಯಾಯಿತಿಯೂ ಅಲ್ಲ. ಇನ್ನೊಂದು ಸಂಗತಿ: ೨೦೨೨ರ ಜುಲೈ ೧೮ರಿಂದ ೨೫ ಕಿಲೋವರೆಗಿನ, ಕಟ್ಟಿ ಚೀಟಿ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ನೂರಕ್ಕೆ ೫ರ ತೆರಿಗೆ ಬಿತ್ತು. ಮೂಟೆ ಬಿಚ್ಚಿ ಬಿಡಿಯಾಗಿ ತೂಗಿಕೊಟ್ಟದ್ದಕ್ಕೆ ಬೀಳಲಿಲ್ಲ. ಅಂದರೆ ಬೀದಿಯ ಅಂಗಡಿಯ ತಕ್ಕಡಿಗೂ ಒಂದು ಅನುಕೂಲವಿದೆ. ಅದನ್ನು ನಮ್ಮ ವರ್ತಕರೇ ಗಿರಾಕಿಗೆ ಹೇಳುವುದಿಲ್ಲ!

ದೂರದ ಅಂಗಡಿಗೆ ಹೋಗುವವರು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳ ದಿನಸಿ ೫,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ ೮ ಉಳಿದರೆ ೪೦೦ ರೂಪಾಯಿ. ಇದಕ್ಕಾಗಿ ಚಿಂತಾಮಣಿಯಿಂದ ಬೆಂಗಳೂರಿಗೆ ಹೊರಟರೆ, ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೇನೋ ಇಲ್ಲ. ಆದರೆ ಆ ದಿನದ ಕೂಲಿ ಹೋದರೆ ಉಳಿದದ್ದು ಅಲ್ಲಿಗೇ ಮುಗಿಯಿತು. ಪಟ್ಟಿಯಲ್ಲಿಲ್ಲದ ಪ್ಲಾಸ್ಟಿಕ್ ಡಬ್ಬ, ಬಿಸ್ಕತ್ತು ಚೀಲಕ್ಕೆ ಬಿದ್ದರೆ ಕೈಯಿಂದಲೇ ಹೋಯಿತು. ಆ ಡಬ್ಬಗಳನ್ನು ದಾರಿಯುದ್ದಕ್ಕೂ ಜೋಡಿಸಿರುವುದು ಅಂದಕ್ಕಾಗಿ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಸಗಟು ಖರೀದಿಯೂ ನಗದು ವ್ಯಾಪಾರವೂ ಬಂಡವಾಳಗಾರನಿಗೇ ಮೀಸಲೆಂದು ಯಾವ ಶಾಸನದಲ್ಲಿದೆ? ಮಾರುವ ಕಡೆ ನಮ್ಮ ಜಿಲ್ಲೆಯವರು ಜಾಣರು. ಹಳ್ಳಿಗಳಲ್ಲಿ ಹಾಲನ್ನು ಸಹಕಾರ ಸಂಘದ ಮೂಲಕ ಮಾರುತ್ತಾರೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ, ಚಿಂತಾಮಣಿಯ ಟೊಮೇಟೊ ಮಾರುಕಟ್ಟೆಯಲ್ಲಿ ಹರಾಜಿನಿಂದ ದರ ಗೊತ್ತಾಗುತ್ತದೆ. ಚಿಕ್ಕಬಳ್ಳಾಪುರದ ಹೂವಿನ ಬೆಳೆಗಾರನಿಗೂ ಬೆಳಗಾಗುವಷ್ಟರಲ್ಲಿ ಪೇಟೆಯ ದರ ತಿಳಿದಿರುತ್ತದೆ. ಅದೇ ಜನ ಕೊಳ್ಳಲು ಹೊರಟಾಗ ಒಬ್ಬೊಬ್ಬರೇ, ಅದೂ ಸಂಜೆಗತ್ತಲಲ್ಲಿ, ಸಾಲ ಕೇಳಿಕೊಂಡು.

೧೮೪೪ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಮಿಲ್ಲುಗಳ ಊರಿನಲ್ಲಿ ೨೮ ಮಂದಿ ಕೂಡಿದರು. ಅವರಲ್ಲಿ ನೇಕಾರರೂ ಇದ್ದರು. ವಾರವಾರ ಬಿಡಿಗಾಸು ಕೂಡಿಸಿ ತಲೆಗೊಂದು ಪೌಂಡಿನಂತೆ ೨೮ ಪೌಂಡು ಬಂಡವಾಳ ಮಾಡಿದರು. ಡಿಸೆಂಬರ್ ೨೧ರಂದು ಅಂಗಡಿ ತೆರೆದಾಗ ಇದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆಯಂಥ ನಾಲ್ಕಾರು ಪದಾರ್ಥ. ಸಾಲವಿಲ್ಲ, ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ. ಬಂದ ಲಾಭವನ್ನು ಯಾರು ಎಷ್ಟು ಸಾಮಾನು ಕೊಂಡರೋ ಅಷ್ಟಕ್ಕೆ ತಕ್ಕಂತೆ ಹಂಚಿಕೊಂಡರು. ಇವತ್ತು ಜಗತ್ತಿನಲ್ಲಿ ಹರಡಿರುವ ಬಳಕೆದಾರರ ಸಹಕಾರಕ್ಕೆ ಮಾದರಿಯಾದದ್ದು ಆ ಅಂಗಡಿ.

ನಮ್ಮಲ್ಲೂ ಪ್ರಯತ್ನ ನಡೆಯಿತು. ೧೯೬೨ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನವು ೩೦೦ ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಲ್ಲಿ ಇಂಥ ಅಂಗಡಿ ಇರಬೇಕೆಂದಿತು. ಚೀನಾ ಯುದ್ಧದ ಆ ಕಾಲದಲ್ಲಿ ಕೇಂದ್ರ ಸರ್ಕಾರವೂ ಬಳಕೆದಾರರ ಸಹಕಾರ ಭಂಡಾರಗಳಿಗೆ ಹಣ ಕೊಟ್ಟಿತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರಿನ ಹೆಸರು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಆದರೆ ಎಷ್ಟೋ ಸಂಘಗಳು ಬಾಳಲಿಲ್ಲ. ಕಂಟ್ರೋಲ್ ಸಕ್ಕರೆ, ಬಟ್ಟೆ ಹಂಚುವುದನ್ನೇ ನಂಬಿದ್ದವು ಕಂಟ್ರೋಲ್ ಸಡಿಲವಾದೊಡನೆ ಸೊರಗಿದವು. ಕೆಲವನ್ನು ನಿರ್ದೇಶಕರ ನೆಂಟರ ಸಾಲ ನುಂಗಿತು. ಸದಸ್ಯನು ಷೇರು ತೆಗೆದುಕೊಂಡು, ಸಾಮಾನು ಮಾತ್ರ ಬೇರೆ ಕಡೆ ಕೊಂಡದ್ದೂ ಉಂಟು.

ಆದುದರಿಂದ ದೊಡ್ಡ ಕಟ್ಟಡ, ಉದ್ಘಾಟನೆಯ ಟೇಪು ನಮಗೆ ಬೇಡ. ಸಂಬಳದ ದಿನ ಒಂದು ವಠಾರದ ಇಪ್ಪತ್ತು ಮನೆಯವರು ಪಟ್ಟಿಯನ್ನೂ ಹಣವನ್ನೂ ಒಟ್ಟುಗೂಡಿಸಲಿ. ಆ ಪಟ್ಟಿಯನ್ನು ಬೀದಿಯ ಅಂಗಡಿಯವರಿಗೇ ಕೊಡಲಿ. ಹತ್ತು ಅಂಗಡಿಯವರು ಸೇರಿ ಒಂದೇ ಗಾಡಿಯಲ್ಲಿ, ರೊಕ್ಕ ಎಣಿಸಿಕೊಟ್ಟು ಮಾಲು ತರಿಸಲಿ. ಬೆಲ್ಲಕ್ಕೂ ಹುಣಸೆಹಣ್ಣಿಗೂ ಹೆಸರಾದ ಹಿಂದೂಪುರ ಇಲ್ಲಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ನಗದು ದರ ಇಷ್ಟು, ಲೆಕ್ಕದ ದರ ಇಷ್ಟು ಎಂದು ಹಲಗೆಯ ಮೇಲೆ ಬೇರೆ ಬೇರೆ ಬರೆಯಲಿ. ಸಾಲ ನಿಲ್ಲಿಸಿದರೆ ಗಿರಾಕಿ ಹೋಗುತ್ತಾನೆ ಎಂದು ವರ್ತಕ ಬಂಧುಗಳು ಅಂಜುತ್ತಾರೆ. ಗಿರಾಕಿ ಈಗಾಗಲೇ ಹೋಗುತ್ತಿದ್ದಾನೆ. ಸಂಬಳ ಬಂದ ದಿನ ಕಂಪನಿಯ ಅಂಗಡಿಗೆ ಹೋಗುತ್ತಾನೆ, ಇಪ್ಪತ್ತನೆಯ ತಾರೀಖಿಗೆ ನಿಮ್ಮ ಬಳಿ ಸಾಲಕ್ಕೆ ಬರುತ್ತಾನೆ. ಅವನ ಮೊದಲ ವಾರದ ಹಣ ನಿಮ್ಮ ಕಟ್ಟೆಗೆ ಬಂದರೆ, ಕಷ್ಟಕಾಲಕ್ಕೆ ಸಾಲ ಕೊಡುವ ಶಕ್ತಿಯೂ ನಿಮಗೆ ಬರುತ್ತದೆ.

ಮೊದಲ ತಿಂಗಳ ಪಟ್ಟಿಯಲ್ಲಿ ನಾಲ್ಕೇ ಪದಾರ್ಥವಿರಲಿ: ತೊಗರಿಬೇಳೆ, ಎಣ್ಣೆ, ಸಕ್ಕರೆ, ಬಟ್ಟೆ ಸೋಪು. ತಂದ ರಸೀತಿಯನ್ನು ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ತಕ್ಕಡಿ ಯಾರ ಅಂಗಡಿಯಲ್ಲಿರಬೇಕು, ಲೆಕ್ಕ ಯಾರು ಬರೆಯಬೇಕು ಎಂಬುದನ್ನು ಈಗ ನೀವು ಹೇಳಬೇಕು. ಹೆಣ್ಣುಮಕ್ಕಳು ಮೊದಲು ಮಾತನಾಡಲಿ. ದರ ಅವರಿಗೆ ಗೊತ್ತು.