ಕೆಲವೇ ಮನೆಗಳ ಗುರುಗಳು

ಗದಗ-ಬೆಟಗೇರಿಯ ಜನಕ್ಕೆ ‘ಸ್ವಾಮಿಗಳು’ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ತೋಂಟದಾರ್ಯ ಮಠದ ಜಾತ್ರೆ ಕಂಡವರು, ಶಿರಹಟ್ಟಿಯ ಫಕೀರೇಶ್ವರನಿಗೆ ನಡೆದುಕೊಳ್ಳುವವರು ಇಲ್ಲಿ ಮನೆಮನೆಗೂ ಇದ್ದಾರೆ. ‘ಪಾದ್ರಿ’ ಎಂಬ ಮಾತೂ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿಯೇ ಬೆಟಗೇರಿಯಲ್ಲಿ ತಮ್ಮ ಕೇಂದ್ರವನ್ನು ತೆರೆದರು. ಆದರೆ ಅವರು ಪ್ರೊಟೆಸ್ಟಂಟ್ ಪಂಥದವರು. ಆ ಪಂಥದ ಪಾದ್ರಿಗಳು ಸಂಸಾರಸ್ಥರಾಗಿರಬಹುದು. ಈ ಹೊತ್ತು ನಾನು ಹೇಳಹೊರಟಿರುವುದು ಕ್ಯಾಥೋಲಿಕ್ ಗುರುಗಳ ವಿಷಯ. ನಮ್ಮ ಊರಿನವರು ಇವರನ್ನು ‘ಫಾದರ್’ ಎಂದು ಕರೆಯುತ್ತಾರೆ. ಕಾನ್ವೆಂಟ್ ಶಾಲೆಯಲ್ಲಿ ಮಗುವಿಗೊಂದು ಜಾಗ ಕೇಳಲು ಹೋದಾಗ ಇವರನ್ನು ಕಂಡಿರುತ್ತೇವೆ. ಅಲ್ಲಿಂದಾಚೆಗೆ ಇವರ ಬಾಳು ಹೇಗೆ ಸಾಗುತ್ತದೆಂದು ವಿಚಾರಿಸಿದವರು ಕಡಿಮೆ.

ಒಬ್ಬ ಗುರುವಿನ ವಶಕ್ಕೆ ಒಪ್ಪಿಸಿದ ಭಕ್ತಸಮುದಾಯಕ್ಕೆ ಧರ್ಮಕೇಂದ್ರವೆಂದು ಹೆಸರು. ಇಂಥ ಹಲವು ಕೇಂದ್ರಗಳು ಸೇರಿ ಒಂದು ಧರ್ಮಪ್ರಾಂತವಾಗುತ್ತದೆ. ಅದಕ್ಕೆ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಹಿರಿಯರು. ನಮ್ಮ ಭಾಗವು ಬೆಳಗಾವಿಯ ಧರ್ಮಪ್ರಾಂತಕ್ಕೆ ಸೇರಿದುದು. ಗೋವೆ ಮತ್ತು ಪುಣೆಯ ಪ್ರಾಂತಗಳಿಂದ ಪ್ರದೇಶಗಳನ್ನು ಬೇರ್ಪಡಿಸಿ, 1953ನೆಯ ಸಪ್ಟೆಂಬರ್ 19ರಂದು ಇದನ್ನು ಸ್ಥಾಪಿಸಲಾಯಿತು. ಮೈಕೇಲ್ ರೊಡ್ರಿಗಸ್ ಅವರು ಮೊದಲ ಧರ್ಮಾಧ್ಯಕ್ಷರು.

ಗುರುವಾಗುವುದು ಸುಲಭದ ಕೆಲಸವಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಗುರುಮಠದಂಥ ಕಡೆಗಳಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಬೇಕು. ದೀಕ್ಷೆಯ ಕಾಲಕ್ಕೆ ಬ್ರಹ್ಮಚರ್ಯವನ್ನೂ ಧರ್ಮಾಧ್ಯಕ್ಷರ ಆಜ್ಞಾಧಾರಕತ್ವವನ್ನೂ ಒಪ್ಪಿಕೊಳ್ಳಬೇಕು. ಇಲ್ಲಿ ನಮ್ಮ ಮಠದ ಸ್ವಾಮಿಗಳಿಗೂ ಇವರಿಗೂ ಒಂದು ದೊಡ್ಡ ಅಂತರವಿದೆ. ಪೀಠವೇರಿದ ಸ್ವಾಮಿಗಳು ಸಾಮಾನ್ಯವಾಗಿ ಬದುಕಿರುವ ತನಕ ಆ ಪೀಠದವರೇ. ಫಾದರ್ ಅವರಿಗೆ ಸ್ವಂತ ಪೀಠವಿಲ್ಲ. ಜನರ ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ವರ್ಗಾವಣೆಯ ಪತ್ರ ಬಂದೀತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಇವರದು ಸ್ಥಾವರಕ್ಕಿಂತ ಜಂಗಮಕ್ಕೆ ಹತ್ತಿರವಾದ ಬಾಳು.

ಗದಗ ಜಿಲ್ಲೆಯಲ್ಲಿ ಕ್ರೈಸ್ತರೇ ಕಡಿಮೆ. ಅವರೊಳಗೆ ಕ್ಯಾಥೋಲಿಕರು ಇನ್ನೂ ಕಡಿಮೆ. ಗದಗಿನಿಂದ ಲಕ್ಷ್ಮೇಶ್ವರವೂ ಮುಂಡರಗಿಯೂ 40 ಕಿಲೋಮೀಟರಿನ ಆಸುಪಾಸಿನಲ್ಲಿವೆ. ಇಂಥ ಸೀಮೆಯಲ್ಲಿ ಒಂದು ಊರಿನಲ್ಲಿ ನಾಲ್ಕು ಮನೆ, ಇನ್ನೊಂದು ಊರಿನಲ್ಲಿ ನೌಕರಿಗೆಂದು ಬಂದ ಒಂದೇ ಮನೆ ಇದ್ದರೂ ಆ ಒಂದು ಮನೆಯವರೂ ಧರ್ಮಕೇಂದ್ರದವರೇ. ಮನೆಗಳನ್ನು ಸಂದರ್ಶಿಸಬೇಕು, ರೋಗಿಗಳನ್ನು, ಬಡವರನ್ನು, ಒಂಟಿಯಾದವರನ್ನು ವಿಶೇಷವಾಗಿ ಅರಸಿ ಹೋಗಬೇಕು ಎಂದು 1983ರ ಧರ್ಮಸಭೆಯ ಸಂಹಿತೆಯೇ ಗುರುಗಳಿಗೆ ವಿಧಿಸಿದೆ.

ದಿನವೂ ಬಲಿಪೂಜೆ, ಭಾನುವಾರ ಪ್ರಬೋಧನೆ ಎಲ್ಲರೂ ಬಲ್ಲ ಸಂಗತಿ. ಕಣ್ಣಿಗೆ ಬೀಳದ ಕೆಲಸಗಳು ಬೇರೆ ಇವೆ. ಒಂದು, ದಫ್ತರ. ಜ್ಞಾನಸ್ನಾನ, ಮದುವೆ, ಮರಣ ಇವುಗಳಿಗೆ ಪುಸ್ತಕಗಳುಂಟು. ಗದಗಿನಲ್ಲಿ ಜ್ಞಾನಸ್ನಾನ ಪಡೆದ ಹುಡುಗಿ ಮುಂದೆ ಮುಂಬಯಿಯ ಇಗರ್ಜಿಯಲ್ಲಿ ಮದುವೆಯಾದರೆ, ಆ ಸುದ್ದಿ ಗದಗಿಗೆ ಬಂದು ಅವಳ ಮೊದಲ ದಾಖಲೆಯ ಬದಿಗೆ ಬರೆಯಲ್ಪಡಬೇಕು. ಮಗಳು ಎಲ್ಲಿಗೆ ಹೋದರೂ ತವರಿನ ಪುಸ್ತಕದಲ್ಲಿ ಅವಳ ಹೆಸರು ಅಳಿಯದು.

ಇನ್ನೊಂದು, ಪಾಪನಿವೇದನೆ. ಅಲ್ಲಿ ಕೇಳಿದ ಮಾತನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಹೊರಗೆಡಹಿದರೆ ಧರ್ಮಸಭೆಯಿಂದಲೇ ಬಹಿಷ್ಕಾರ. ಊರಿನ ದುಃಖವನ್ನೆಲ್ಲ ಹೊತ್ತುಕೊಂಡು ಅದನ್ನು ಯಾರ ಮುಂದೆಯೂ ಇಳಿಸಲಾಗದ ಆ ಭಾರವನ್ನು ಎಣಿಸಿ ನೋಡಬಹುದು.

ಮೂರನೆಯದು, ಭಾಷೆ. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಹೆಸರಿಸಿದ ನಾಡಿನ ಒಂದು ಮೂಲೆ. ಇಂಥಲ್ಲಿಗೆ ಗೋವೆಯಿಂದಲೋ ಮಂಗಳೂರಿನಿಂದಲೋ ಬಂದ ಗುರುಗಳ ಮನೆಮಾತು ಕೊಂಕಣಿಯಾಗಿರುವುದುಂಟು. ಹಿಂದೆ ಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದುದರಿಂದ ಕೊರತೆ ಅಷ್ಟಾಗಿ ಹೊರಗೆ ತೋರುತ್ತಿರಲಿಲ್ಲ. 1963ನೆಯ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ, ಪೂಜಾಪೀಠದ ಮುಂದೆ ಕನ್ನಡವೇ ನಿಲ್ಲಬೇಕಾಯಿತು. ವಾಸ್ತವವಾಗಿ ಈ ಶ್ರಮ ಹಳೆಯದು. 17ನೆಯ ಶತಮಾನದಲ್ಲಿಯೇ ಮೈಸೂರು ಸೀಮೆಗೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮೊ ಕನ್ನಡವನ್ನು ಕಲಿತು, ಅದರಲ್ಲಿ ಗ್ರಂಥರಚನೆಗೂ ಕೈಹಾಕಿದ್ದರು. ಸಭೆಯಲ್ಲಿ ತಪ್ಪು ಕನ್ನಡವನ್ನಾಡಿದರೆ ಜನ ನಕ್ಕು ಸುಮ್ಮನಾದಾರು. ಆದರೆ ಪ್ರಾಣ ಬಿಡುತ್ತಿರುವ ಮುದುಕಿಗೆ ತೈಲವನ್ನು ಹಚ್ಚಿ ಪ್ರಾರ್ಥಿಸುವಾಗ ಆಡುವ ಮಾತು ಅವಳ ತಾಯಿ ಆಡಿದ ಮಾತಾಗಿರಬೇಡವೆ? ಗುರುಗಳ ಕನ್ನಡಕ್ಕೆ ನಿಜವಾದ ಪರೀಕ್ಷೆ ಆ ಹಾಸಿಗೆಯ ಬದಿಯಲ್ಲಿಯೇ.

ಇಷ್ಟು ಕೆಲವೇ ಮನೆಗಳಿಗಾಗಿ ಒಬ್ಬ ವಿದ್ಯಾವಂತನ ಬಾಳೆಲ್ಲ ಸವೆಯಬೇಕೆ ಎಂದು ವ್ಯವಹಾರಬುದ್ಧಿ ಕೇಳೀತು. ಇದಕ್ಕೆ ಕ್ಯಾಥೋಲಿಕರು ಒಬ್ಬರ ಚರಿತ್ರೆಯನ್ನು ತೋರಿಸುತ್ತಾರೆ. ಜಾನ್ ವಿಯಾನಿ ಎಂಬ ಗುರು 1818ರಲ್ಲಿ ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಗೆ ಬಂದಾಗ ಅಲ್ಲಿದ್ದವರು ಸುಮಾರು 230 ಜನ. ಓದಿನಲ್ಲಿ ಹಿಂದೆ ಬಿದ್ದವರೆಂದು ಹೆಸರಾಗಿದ್ದ ಅವರು 1859ರಲ್ಲಿ ತೀರಿಕೊಳ್ಳುವವರೆಗೆ, 41 ವರ್ಷ, ಆ ಹಳ್ಳಿಯಲ್ಲಿಯೇ ಉಳಿದರು. ಕೊನೆಕೊನೆಗೆ ಪಾಪನಿವೇದನೆಗೆಂದು ದೂರದೂರದಿಂದ ಸಾವಿರಾರು ಜನ ಅಲ್ಲಿಗೆ ಬಂದರು. 1925ರಲ್ಲಿ ಅವರನ್ನು ಸಂತರೆಂದು ಘೋಷಿಸಿ, 1929ರಲ್ಲಿ ಧರ್ಮಕೇಂದ್ರದ ಗುರುಗಳೆಲ್ಲರ ಪಾಲಕರೆಂದು ಸಾರಲಾಯಿತು.

ಎಲ್ಲರೂ ವಿಯಾನಿ ಆಗಲಾರರು. ಸಂಜೆ ಶಾಲೆಯ ಲೆಕ್ಕವನ್ನು ಮುಗಿಸಿ ಬಂದ ಗುರುವಿಗೆ ಖಾಲಿ ಮನೆ ಬೇಸರ ತರುವುದುಂಟು. ಹಬ್ಬದ ದಿನ ಎಲ್ಲರ ಮನೆಯಲ್ಲಿ ನೆಂಟರಿದ್ದಾಗ ತನ್ನವರು ದೂರದಲ್ಲಿರುವುದುಂಟು. ಆದುದರಿಂದ ಗುರುಗಳು ಜನರನ್ನು ನೋಡಿಕೊಳ್ಳುವಂತೆ ಜನರೂ ಗುರುಗಳನ್ನು ನೋಡಿಕೊಳ್ಳುವುದು ನ್ಯಾಯ. ಈ ಮಾತು ಕ್ಯಾಥೋಲಿಕರಿಗೆ ಮಾತ್ರವಲ್ಲ. ಮಠ, ಬಸದಿ, ದರ್ಗಾಗಳ ನಡುವೆ ಬಾಳಿದ ನಮ್ಮ ಸೀಮೆಯಲ್ಲಿ, ಪಕ್ಕದ ಓಣಿಯ ಫಾದರ್ ಅವರನ್ನು ಶಾಲೆಯ ಕೆಲಸವಿಲ್ಲದ ದಿನವೂ ನಿಂತು ಮಾತನಾಡಿಸುವುದು ನೆರೆಹೊರೆಯವರ ಧರ್ಮವೇ ಆಗಿದೆ.